ಮೂರು ಕೂದಲು ದಪ್ಪ

ಕ್ಯಾಮೆರಾ ಹೋದ ವರ್ಷದ್ದು, ಇನ್ನೂ ಏಳು ಕಂತು ಬಾಕಿ.
ಲೆನ್ಸು ನನಗಿಂತ ಹಿರಿಯದು, ರಷ್ಯಾದ್ದು,
ಕಾಲು ಕೇಜಿ ಗಾಜು, ಉಳಿದದ್ದು ಹಠ.
ಜಾತಕ ಕೂಡಿದರೂ ಥ್ರೆಡ್ಡು ಕೂಡಲಿಲ್ಲ.
ನಡುವೆ ಒಂದು ಬಳೆ ಬೇಕಿತ್ತು.

ತರಿಸಿದರೆ ಹದಿನೈದು ದಿನ. ಮದುವೆ ಸೀಜನ್ನು ಬೇರೆ.
ಪಿ.ಬಿ. ರಸ್ತೆಯ ದಸ್ತಗೀರ್ ಸಾಬರು,
ಒಂದು ಕಾಲಕ್ಕೆ ಮಿಲ್ಲಿನ ಸ್ಪಿಂಡಲ್ಲು ಕಡೆದವರು,
ಈಗ ಬೋರ್‌ವೆಲ್ ಪಂಪಿನ ಬುಷ್ಷು,
ಲೆನ್ಸನ್ನು ಕಿವಿಗೆ ಹಿಡಿದು ತಿರುಗಿಸಿ ಕೇಳಿದರು:
"ಗ್ರೀಸು ಒಣಗೈತೆ, ನನ್ನ ಮೊಣಕಾಲಿನಂಗೆ."
ಮಧ್ಯಾಹ್ನದ ನಮಾಜಿಗೆ ಹೋಗಿಬಂದು
ಹಿತ್ತಾಳೆ ತುಂಡೊಂದನ್ನು ಲೇತಿಗೆ ಕಚ್ಚಿಸಿದರು.
ಚಿನ್ನದಂಥ ಸಿಪ್ಪೆ ಸುರುಳಿ ಸುರುಳಿ
ನನ್ನ ಚಪ್ಪಲಿ ಮೇಲೆ.

"ನೂರಾ ಇಪ್ಪತ್ತು ಕೊಡ್ರಿ."

ಹಾಕಿದೆ. ಟಕ್ ಎಂದು ಕೂತಿತು.
ಕ್ಯಾಮೆರಾ ಬರೆದು ತೋರಿಸಿತು: ಎಫ್ ಸೊನ್ನೆ ಸೊನ್ನೆ.
ಲೆನ್ಸೇ ಇಲ್ಲ ಅಂತ, ಅದರ ಭಾಷೆಯಲ್ಲಿ.
ಐತಲ್ಲೋ, ಮೂಗಿನ ಮೇಲೇ ಐತಲ್ಲೋ ಅಂದೆ.
ನಂಬಲಿಲ್ಲ. ನಂಬದೆಯೇ ಕೆಲಸ ಮಾಡಿತು,
ಫೋಟೋಗ್ರಾಫರ್ ಎಲ್ಲಮ್ಮ ಎಂದು
ನನ್ನನ್ನೇ ಕೇಳುವ ಛತ್ರದ ಮ್ಯಾನೇಜರಂತೆ.

ಹತ್ತಿರದ್ದೆಲ್ಲ ಚಂದ ಬಂತು:
ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿದವಳ
ರೆಪ್ಪೆಗೆ ಅಂಟಿದ ಬೂದಿ,
ಹಂಚಿನ ಮೇಲೆ ಬೆಣ್ಣೆ ಜಾರುವುದಕ್ಕೆ ಮುಂಚಿನ ಅನುಮಾನ,
ಒಳಗಾಜಿನಲ್ಲಿ ಬೇರುಬಿಟ್ಟ ಬೂಷ್ಟಿನಿಂದ
ಬಡ ಬಲ್ಬಿಗೂ ಒಂದು ಪ್ರಭಾವಳಿ.
ಐವತ್ತು ಅಡಿ ಆಚೆ ಮಾತ್ರ ಊರೇ ಇಲ್ಲ.
ಮುಚ್ಚಿದ ಮಿಲ್ಲಿನ ಚಿಮಣಿ
ಯಾರೋ ಬೆರಳಲ್ಲಿ ಒರೆಸಿದ ಕಾಡಿಗೆ.
ಬಳೆ ಮೂರು ಕೂದಲು ದಪ್ಪವಾಗಿತ್ತು.
ಲೆನ್ಸಿನ ಮೇಲೆ ಅನಂತದ ಗುರುತು,
ಅಡ್ಡ ಮಲಗಿದ ಇಂಗ್ಲಿಷ್ ಎಂಟು;
ಉಂಗುರ ಅಲ್ಲಿಗೆ ಹೋಗಿ ಮುಟ್ಟುತ್ತದೆ,
ನೋಟ ಮುಟ್ಟುವುದಿಲ್ಲ.

ಮತ್ತೆ ಹೋದೆ. "ಅನಂತ ಸಿಗ್ತಿಲ್ಲ ಸಾಬ್ರೆ."
"ಅದೆಷ್ಟು ದೂರ ಐತ್ರಿ?"
"ಚಿಮಣಿ ತನಕ ಸಿಕ್ಕರೆ ಸಾಕು."
ಗಾಜಿನ ಹಲಗೆ, ಅದರ ಮೇಲೆ ಎಮರಿ ಕಾಗದ,
ಅದರ ಮೇಲೆ ಬಳೆ; ಒಂದೇ ಕಡೆ ಸವೆಯಬಾರದೆಂದು
ಅವರ ಕೈ ಎಂಟು ಬರೆಯುತ್ತ, ಬರೆಯುತ್ತ ಉಜ್ಜಿತು.
ಮೂರು ಹೋಗಬೇಕಿದ್ದಲ್ಲಿ ಐದು ಕೂದಲು ಹೋಯಿತು.

ಚಿಮಣಿ ಬಂತು, ಇಟ್ಟಿಗೆ ಎಣಿಸುವ ಹಾಗೆ,
ತುದಿಯಲ್ಲಿ ಮೊಳೆತ ಅರಳಿ ಸಸಿಯ ಸಮೇತ.
ಆದರೆ ಉಂಗುರ ಅಲ್ಲಿ ನಿಲ್ಲಲಿಲ್ಲ,
ಚಿಮಣಿ ದಾಟಿ ಎಳ್ಳಷ್ಟು ಮುಂದೆ ತಿರುಗಿತು.
"ಈಗ ಅನಂತದ ಆಚೆಗೂ ಹೋಗ್ತದೆ" ಅಂದೆ.
"ಹೋಗಿ ನೋಡ್ಕೊಂಡು ಬರ್ರಿ. ಅದಕ್ಕೆ ಬ್ಯಾರೆ ರೊಕ್ಕ ಬ್ಯಾಡ."

ಹಾಗೆ ನೋಡಿದರೆ ಈ ಲೆನ್ಸು
ಹುಟ್ಟಿದಾಗಿನಿಂದ ಚಿಮಣಿ ನೋಡಿದ್ದೇ ಅಲ್ಲ.
ಬಕ್ಕೇಶಪ್ಪನವರ ಸ್ಟುಡಿಯೋ ಉದ್ದ ಹದಿನಾಲ್ಕು ಅಡಿ.
ಒಂಬತ್ತನೇ ಅಡಿಗೆ ಸ್ಟೂಲು, ಸ್ಟೂಲಿನ ಹಿಂದೆ ಪರದೆ,
ಪರದೆಯಲ್ಲಿ ಹಿಮದ ಬೆಟ್ಟ, ಸರೋವರ,
ಮಡಿಕೆಯಲ್ಲಿ ಸಿಕ್ಕು ಒಂದೂವರೆಯಾದ ಹಂಸ.
ಮಿಲ್ಲಿನ ಗುರುತಿನ ಚೀಟಿಗೆಂದು
ಹತ್ತಿ ನವಿರು ಕೊಡವಿಕೊಂಡು ಬಂದ ಮುಖಗಳೆಲ್ಲ
ಒಂಬತ್ತು ಅಡಿ.
ಉಂಗುರದಲ್ಲಿ ಆ ಜಾಗಕ್ಕೆ
ಅವರ ಹೆಂಡತಿಯ ಉಗುರುಬಣ್ಣದ ಚುಕ್ಕೆ.

ಸ್ಟುಡಿಯೋ ಈಗ ಮಗಳ ಜೆರಾಕ್ಸ್ ಅಂಗಡಿ.
ತೋರಿಸಲು ಒಯ್ದೆ. ಕ್ಯಾಮೆರಾವನ್ನು ಒಮ್ಮೆ ಮೂಸಿದರು.
ಹೆಬ್ಬೆರಳು ತಾನಾಗಿ ಚುಕ್ಕೆ ಹುಡುಕಿ ನಿಂತಿತು.
"ನಿಲ್ಲಮ್ಮ. ಹಿಂದಕ್ಕೆ. ಸಾಕು.
ಗದ್ದ ಇಳಿಸು. ಉಸಿರು ಹಿಡಿ."
ಆಮೇಲೆ ಟೇಪು ಹಿಡಿದು ನೋಡಿದೆ: ಸರಿಯಾಗಿ ಒಂಬತ್ತು.
ಬಳೆ ಸವೆದದ್ದನ್ನು ಆ ಹೆಬ್ಬೆರಳಿಗೆ ಯಾರು ಹೇಳಬೇಕು?
ನೋಟ ನನ್ನನ್ನು ದಾಟಿ ಒಂದಡಿ ಹಿಂದೆ ಬಿತ್ತು:
ಗೋಡೆಯ ಕ್ಯಾಲೆಂಡರು, ರಾಹುಕಾಲ,
ಹಾಲಿನ ಲೆಕ್ಕದ ಗೀಟು ಸೂಜಿಯಷ್ಟು ಚೂಪು;
ಅದರ ಮುಂದೆ ನಾನು, ಹಬೆ.

ಚಿತ್ರ ಬಂತೇ ಎಂದು ಅವರು ನೋಡಲೂ ಇಲ್ಲ.
ಕ್ಯಾಮೆರಾ ನನ್ನ ಕೈಗಿಟ್ಟು,
ರಸೀದಿ ಹರಿಯುವಂತೆ ಗಾಳಿಯಲ್ಲಿ ಬೆರಳಾಡಿಸಿ
"ಗುರುವಾರ ಬಾ" ಅಂದರು.

ಗುರುವಾರ ಹೋದೆ.